ಚಿಕ್ಕಪ್ಪನ ಗಾಡಿ ನಿಲ್ಲುವ ಜಾಗ

ಸತ್ತವರ ಆಸೆ, ಗಾಳಿ, ಭೂತ ಇವನ್ನೆಲ್ಲ ನಂಬದವನು ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನನ್ನ ಚಿಕ್ಕಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಕುದೂರಿನಾಚೆಯ ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಮಿಲ್ಟ್ರಿ ಗೌಡ್ರು. ಊರಿಗೆ ಬಂದವರೇ ಹಳೆಯದೊಂದು ಭಾರಿ ಮೋಟರ್‌ಬೈಕು ಕೊಂಡರು. ಆಮೇಲೆ ರಾಗಿ ಹೊಲಕ್ಕೂ ಅದೇ, ಎದುರುಮನೆಗೆ ಮದುವೆ ಕರೆಯಲು ಹೋಗಲೂ ಅದೇ. ಒಂದು ರೌಂಡ್ ಬರುತ್ತೇನೆಂದು ಹೊರಟರೆ ಮಾಗಡಿ, ರಾಮನಗರ, ಕನಕಪುರ ಸುತ್ತಿ ಸಂಜೆಗೆ ಮನೆ. ಚಿಕ್ಕಮ್ಮ ಮಾತ್ರ ಒಂದು ದಿನವೂ ಹಿಂದೆ ಕೂತವರಲ್ಲ. ಅವರ ಚಿಂತೆಯೆಲ್ಲ ಗಂಡನ ಸಕ್ಕರೆ ಕಾಯಿಲೆ. ಬೆಳಗ್ಗೆ ಹಾಗಲಕಾಯಿ ರಸ, ಸಂಜೆ ಮೆಂತ್ಯದ ನೀರು. ಏನು ಕುಡಿಸಿದರೂ ಸಕ್ಕರೆ ಇಳಿಯಲಿಲ್ಲ. ಕೊನೆಗೊಂದು ದಿನ ಚಿಕ್ಕಪ್ಪ ನಿದ್ದೆಯಲ್ಲೇ ಹೋದರು.

ವರ್ಷದ ತಿಥಿ ಕಳೆದ ಮೇಲೆ ಚಿಕ್ಕಮ್ಮ ಗಾಡಿ ಮಾರುವ ತೀರ್ಮಾನ ಮಾಡಿದರು. ಮಾಗಡಿಯಲ್ಲಿ ಗಿರಾಕಿ ಸಿಕ್ಕಿದ. ಸಹಿ ಹಾಕಲು ಅವರೂ ಬರಬೇಕಿತ್ತು. ಧೈರ್ಯ ಮಾಡಿ ನನ್ನ ಹಿಂದೆ ಕೂತು, ಎರಡೂ ಕೈಯಿಂದ ನನ್ನ ಹೆಗಲು ಹಿಡಿದರು. ಕುದೂರಿನಲ್ಲಿ ಒಂದು ಹೋಟೆಲಿನ ಮುಂದೆ ಗಾಡಿ ತಾನಾಗಿ ನಿಂತುಬಿಟ್ಟಿತು. ಪೆಟ್ರೋಲ್ ಇತ್ತು. ಪ್ಲಗ್ ಬಿಚ್ಚಿ ಒರೆಸಿದೆ. ಕಾಲು ಸೋಲುವಷ್ಟು ಕಿಕ್ ಹೊಡೆದೆ. ಅದು ಒಂದು ಸಲ ಕೆಮ್ಮಲೂ ಇಲ್ಲ.

ಅಷ್ಟರಲ್ಲಿ ಹೋಟೆಲಿನ ಮಾಲೀಕ ತಟ್ಟೆಯಲ್ಲಿ ಎರಡು ಜಾಮೂನು ಹಿಡಿದು ಹೊರಗೆ ಬಂದ. ನಮ್ಮನ್ನು ಕಂಡು ಪೆಚ್ಚಾದ. ಗಾಡಿಯ ಸದ್ದು ಕೇಳಿ ಕೈ ತಾನಾಗಿ ತಟ್ಟೆಗೆ ಹೋಯಿತಂತೆ.

“ಗೌಡ್ರು ದಿನಾ ಇಲ್ಲೇ ನಿಲ್ಸೋರು ಕಣವ್ವ. ಮನೇಲಿ ಹೇಳ್ಬ್ಯಾಡ ಅಂದಿದ್ರು,” ಎಂದ.

ಚಿಕ್ಕಮ್ಮ ಅವನ ಕಡೆ ನೋಡಲೇ ಇಲ್ಲ. ಗಾಡಿಯ ಹೆಡ್‌ಲೈಟಿನ ಎದುರು ಹೋಗಿ ನಿಂತರು. “ನಾನು ಅಲ್ಲಿ ಹಾಗಲಕಾಯಿ ಅರ್ದು ಅರ್ದು ಸಾಯ್ತಿದ್ದೆ. ನೀವು ಇಲ್ಲಿ ಕುಂತ್ಕಂಡು ಜಾಮೂನು ತಿಂತಿದ್ರಾ?” ಎಂದು ಮೆಲ್ಲಗೆ ಕೇಳಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಅವರು ಬೆಂಚಿನ ಮೇಲೆ ಕೂತು ಎರಡೂ ಜಾಮೂನು ತಿಂದರು. ತಿನ್ನುತ್ತ ಅತ್ತರು, ನಡುವೆ ನಕ್ಕರು.

ಸೆರಗಿನಿಂದ ಬಾಯಿ ಒರೆಸಿಕೊಂಡು, ಈಗ ಹೊಡಿ ಎಂದರು. ಒಂದೇ ಕಿಕ್‌ಗೆ ಗಾಡಿ ಗುಡುಗಿತು. ನಾನು ಮಾಗಡಿ ಕಡೆ ಹೊರಟರೆ ಹೆಗಲು ಅದುಮಿ, “ಮನೆ ಕಡೆ ತಿರುಗ್ಸು ಕಣಪ್ಪ,” ಎಂದರು.

ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದ. ನಾನೊಬ್ಬನೇ ಹೋದರೆ ಆ ಹೋಟೆಲಿನ ಮುಂದೆ ಗಾಡಿ ಸಲೀಸಾಗಿ ಹೋಗುತ್ತದೆ. ಚಿಕ್ಕಮ್ಮ ಹಿಂದೆ ಕೂತರೆ ನಿಲ್ಲುತ್ತದೆ. ಅವರೇ ಏನೋ ಮಾಡುತ್ತಾರೆಂದು ಅನುಮಾನಪಟ್ಟೆ. ಆದರೆ ಅವರ ಎರಡೂ ಕೈ ನನ್ನ ಹೆಗಲ ಮೇಲೇ ಇರುತ್ತವೆ.

ಈಚೆಗೆ ಡಾಕ್ಟರು ಚಿಕ್ಕಮ್ಮನಿಗೂ ಸಕ್ಕರೆ ಇದೆ ಎಂದರು. ಇನ್ನು ಕುದೂರು ಬೇಡವೆಂದು, ಅವರನ್ನು ಹಿಂದೆ ಕೂರಿಸಿಕೊಂಡು ನಾನೆಂದೂ ಹೋಗದ ಹಳ್ಳಿ ದಾರಿ ಹಿಡಿದು ಸುತ್ತು ಹಾಕಿದೆ. ಪುಟ್ಟ ಊರೊಂದರ ಬೇಕರಿ ಮುಂದೆ ಗಾಡಿ ನಿಂತಿತು. ಒಳಗಿನಿಂದ ಒಬ್ಬ ಇಣುಕಿ, “ಮಿಲ್ಟ್ರಿ ಗೌಡ್ರ ಗಾಡಿ ಅಲ್ವಾ?” ಎಂದ.

ಚಿಕ್ಕಮ್ಮ ಇಳಿದು ಒಳಗೆ ಹೋದರು. ನಾನು ಕಿಕ್ ಹೊಡೆಯುವ ಗೋಜಿಗೆ ಹೋಗದೆ ಗಾಡಿಗೆ ಸ್ಟ್ಯಾಂಡ್ ಹಾಕಿದೆ.