ಚೇನಿಗೆ ಎಷ್ಟು ಸಡಿಲ ಬಿಡಬೇಕು

ಬೆಳಿಗ್ಗೆ ಬಾಗಿಲು ತಳ್ಳಿದರೆ ಅದು ಅಲುಗಲಿಲ್ಲ. ಕಿಟಕಿಯಿಂದ ನೋಡಿದೆ: ಮೆಟ್ಟಿಲಿಲ್ಲ, ಬೇಲಿಯಿಲ್ಲ, ಹಿಂದಿನ ಸಂಜೆ ನಾನೇ ನಿಲ್ಲಿಸಿದ್ದ ಕೈಗಾಡಿಯೂ ಇಲ್ಲ. ಎಲ್ಲವೂ ಹಿಮದ ಕೆಳಗೆ. ನಮ್ಮೂರು ಹಿರೇಕೊಡಿಗೆಯಲ್ಲಿ ಹೆಂಚಿಗೆ ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಇಲ್ಲಿ ಆಳೆತ್ತರ ಬಿದ್ದರೂ ನಿದ್ದೆ ಕೆಡುವುದಿಲ್ಲ. ಕಿಟಕಿಯಿಂದಲೇ ಹೊರಗಿಳಿದೆ.

ನಾನಿರುವುದು ಜಪಾನಿನ ಉತ್ತರ ತುದಿಯ ಹೊಕ್ಕೈಡೊದಲ್ಲಿ, ಒಂದು ಹಾಲಿನ ಫಾರ್ಮಿನಲ್ಲಿ. ದನಗಳ ಕೆಲಸಕ್ಕೆ ಬಂದು ಎಂಟು ತಿಂಗಳಾಯಿತು. ದಿನಚರಿಯ ಲೆಕ್ಕದಲ್ಲಿ ಕಲಿತ ಜಪಾನಿ ಪದ ನಾನೂರ ಹನ್ನೆರಡು. ಸಾರು ಎನ್ನಬಹುದಾದದ್ದನ್ನು ಉಂಡದ್ದು ಮೂರು ಸಲ.

ಯಜಮಾನರನ್ನು ಮೊರಿ-ಸಾನ್ ಎನ್ನಬೇಕು. ‘ಸಾನ್’ ಎಂದರೆ ನಾವು ಹೆಸರಿನ ಮುಂದೆ ‘ಅವರು’ ಸೇರಿಸಿದ ಹಾಗೆ. ಟ್ರ್ಯಾಕ್ಟರಿಗೆ ಬ್ಲೇಡು ಹಾಕಿ ದಾರಿಯ ಹಿಮ ತಳ್ಳುವವರು ಅವರೇ, ಆದರೆ ಹಿಂದಿನ ವಾರ ಜಾರಿ ಬಿದ್ದು ಭುಜ ಮುರಿದುಕೊಂಡಿದ್ದರು. ಹಾಲಿನ ಟ್ಯಾಂಕರ್ ಹತ್ತು ಗಂಟೆಗೆ ಬರುತ್ತದೆ. ದಾರಿ ಇಲ್ಲದಿದ್ದರೆ ಅದು ವಾಪಸು ಹೋಗುತ್ತದೆ, ಹಾಲನ್ನೆಲ್ಲ ಚರಂಡಿಗೆ ಬಿಡಬೇಕು.

“ಟ್ರ್ಯಾಕ್ಟರಿಗೆ ನಾನು ಚೇನ್ ಕಟ್ಟುತ್ತೇನೆ,” ಎಂದೆ.

“ಹಿಂದೆ ಕಟ್ಟಿದ್ದೀಯಾ?”

“ಪ್ರತಿ ಮಳೆಗಾಲ.”

ಅದು ಸುಳ್ಳಲ್ಲ. ಅಪ್ಪ ಕಾಫಿ ಎಸ್ಟೇಟಿನ ಟ್ರ್ಯಾಕ್ಟರ್ ಡ್ರೈವರ್. ಜೂನ್ ಬಂದರೆ ಕೆಸರಿನ ಏರು ಹತ್ತಲು ಹಿಂದಿನ ಟೈರುಗಳಿಗೆ ಚೇನ್ ಸುತ್ತಲೇಬೇಕು. ಕೊಂಡಿ ಹಾಕುವುದು ಮಗಳಾದ ನನ್ನ ಕೆಲಸ. “ಒಂದು ಕೈ ಹೋಗೋವಷ್ಟು ಸಡಿಲ ಬಿಡೆ, ಕೆಸರು ಕೊಡವಿ ಹೋಗ್ಬೇಕು,” ಎನ್ನುತ್ತಿದ್ದ. ಇಲ್ಲಿಯೂ ಹಾಗೆಯೇ ಮಾಡಿದೆ. ಚೇನನ್ನು ಟೈರಿನ ಮೇಲೆ ಹೊದಿಸಿ, ಟ್ರ್ಯಾಕ್ಟರನ್ನು ಸ್ವಲ್ಪ ಮುಂದೆ ಸರಿಸಿ, ಒಳಗಿನ ಕೊಂಡಿ ಮೊದಲು, ಹೊರಗಿನದು ಆಮೇಲೆ.

ಕೊಟ್ಟಿಗೆಯ ಮೂಲೆ ದಾಟುವಷ್ಟರಲ್ಲಿ ಚೇನ್ ಮಡ್‌ಗಾರ್ಡಿಗೆ ಬಡಿಯತೊಡಗಿತು. ಇನ್ನೆರಡು ಮಾರು ಹೋದದ್ದೇ ಬಲಗಡೆಯದು ಕಳಚಿ ಬಿತ್ತು, ಟ್ರ್ಯಾಕ್ಟರ್ ಅಡ್ಡ ಜಾರಿ ನಿಂತಿತು. ಮೊರಿ-ಸಾನ್ ಬಂದು ಎಡಗಡೆಯ ಚೇನಿನ ಒಳಗೆ ಕೈ ತೂರಿಸಿ ಬೆರಳಾಡಿಸಿದರು.

“ಟೈರಿಗೆ ಮುತ್ತಿನ ಸರ ಹಾಕಿದ್ದೀಯ.”

“ನಮ್ಮೂರಲ್ಲಿ ಕೆಸರು. ಸಡಿಲ ಬೇಕು.”

“ಹಿಮಕ್ಕೆ ಒಂದು ಬೆರಳೂ ಹೋಗಬಾರದು. ಪಕ್ಕದ ಫಾರ್ಮಿನವನನ್ನು ಕರೆಯಲಾ?”

ಕರೆದರೆ ಚಳಿಗಾಲ ಮುಗಿಯುವವರೆಗೆ ಟ್ರ್ಯಾಕ್ಟರಿನ ಕೀ ಅವನ ಜೇಬಿನಲ್ಲಿ, ಸಲಿಕೆ ನನ್ನ ಕೈಯಲ್ಲಿ. “ಬೇಡ. ಒಂದು ಹಳೆಯ ಟ್ಯೂಬ್ ಕೊಡಿ,” ಎಂದೆ.

ಚೇನನ್ನು ಎಳೆದು ಹಿಡಿಯುವ ಅವರ ರಬ್ಬರ್ ಪಟ್ಟಿಗಳು ಒಣಗಿ ತುಂಡಾಗಿದ್ದವು. ನಮ್ಮ ಕೊಪ್ಪದ ಕಡೆ ಸೌದೆ ಹೊರೆಯಿಂದ ಬೈಕಿನ ಹಿಂದಿನ ಚೀಲದವರೆಗೆ ಎಲ್ಲವನ್ನೂ ಹಿಡಿದಿರುವುದು ಟ್ಯೂಬಿನ ಪಟ್ಟಿಯೇ. ಬಿದ್ದ ಚೇನನ್ನು ಮತ್ತೆ ಹೊದಿಸಿ, ಎರಡರ ಕೊಂಡಿಯನ್ನೂ ಬಿಗಿಯಾಗಿ ಹಾಕಿದೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಚಕ್ರದ ಈ ಬದಿಯಿಂದ ಆ ಬದಿಗೆ ಅಡ್ಡಡ್ಡ ಎಳೆದು ಕಟ್ಟಿದೆ. ಗ್ಲೌಸ್ ತೆಗೆದ ಬೆರಳು ಕಬ್ಬಿಣಕ್ಕೆ ಅಂಟುತ್ತಿತ್ತು. ಸ್ವಲ್ಪ ಓಡಿಸಿ, ಇಳಿದು, ಇನ್ನೊಮ್ಮೆ ಬಿಗಿದೆ. ಈ ಸಲ ಬಡಿತವಿಲ್ಲ. ಮುಂದಿನ ಬ್ಲೇಡು ಹಿಮವನ್ನು ಪಕ್ಕಕ್ಕೆ ಹೊರಳಿಸುತ್ತಾ ಹೋಯಿತು. ಗದ್ದೆಯಲ್ಲಿ ಮಣ್ಣು ಹೊರಳುವಂತೆಯೇ, ಆದರೆ ವಾಸನೆಯಿಲ್ಲದೆ.

ಟ್ಯಾಂಕರ್ ಬಂದಾಗ ಡಾಂಬರು ಕಾಣುತ್ತಿತ್ತು. ಅದರ ಡ್ರೈವರ್ ನನ್ನನ್ನು ಎರಡು ಸಲ ನೋಡಿ ಟೋಪಿ ಮುಟ್ಟಿದ. ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸಲು ಹೋದೆ.

“ನಿನ್ನ ಹತ್ತಿರವೇ ಇರಲಿ,” ಎಂದರು ಮೊರಿ-ಸಾನ್. “ಟ್ರ್ಯಾಕ್ಟರ್ ಇನ್ನು ನಿನ್ನದು, ಹುಲ್ಲು ಕೊಯ್ಲಿಗೂ.”

ಸಂಜೆ ಅಪ್ಪನಿಗೆ ಫೋನ್ ಮಾಡಿ ಚೇನಿನ ವಿಷಯ ಹೇಳಿದೆ.

“ಎಂತ, ಕಳಚಿ ಬಿತ್ತಾ? ನಾ ಹೇಳಿದ ಹಂಗೆ ಸಡಿಲ ಬಿಡ್ಲಿಲ್ವನೆ?”

“ಬಿಟ್ಟಿದ್ದಕ್ಕೇ ಬಿದ್ದಿದ್ದು, ಅಪ್ಪಾ.”

“ಅಲ್ಲಿದು ಅಲ್ಲಿಗಾಯ್ತು ಮಾರಾಯ್ತಿ. ಜೂನಲ್ಲಿ ರಜೆಗೆ ಬಂದಾಗ ಇಲ್ಲೂ ಹಂಗೇ ಬಿಗ್ದು ನನ್ನ ಗಾಡಿ ಹೂತುಹಾಕ್ಬೇಡ.”

ಇಬ್ಬರೂ ನಕ್ಕೆವು. ಕೀ ನನ್ನ ಜೇಬಿನಲ್ಲಿತ್ತು. ಮಾತಾಡುವಾಗಲೂ ಬೆರಳು ಅದನ್ನೇ ಮುಟ್ಟಿ ನೋಡುತ್ತಿತ್ತು. ಹೊಕ್ಕೈಡೊದಲ್ಲಿ ಹುಲ್ಲು ಕೊಯ್ಲು ಜೂನಿನಲ್ಲಿ. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.