ಕಂಬನ ಕಾಲು ಮಾತು ಕೇಳಿದ ಮೂರು ತಿಂಗಳು

ಒಳಾಂಗಣ ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬ್ಯಾಡ್ಮಿಂಟನ್ ರಾಕೆಟ್‌ಗಳಿಗೆ ಗಟ್, ಅಂದರೆ ಬಲೆಯ ದಾರ, ಬಿಗಿಯುವುದು ಅವನ ಕಸುಬು. ಗಟ್ ಬಿಗಿಯುವ ಅಣ್ಣ ಹೋಗಿ ಗಟ್ಟಣ್ಣ ಆಗಿದ್ದ. ಆಳು ಮಾತ್ರ ಗಾಳಿಗೆ ಹಾರುವಷ್ಟು ಸಣಕಲು. ಹರೆಯದಲ್ಲಿ ಚೆನ್ನಾಗಿಯೇ ಆಡುತ್ತಿದ್ದ. ಭುಜ ಕೈಕೊಟ್ಟ ಮೇಲೆ ಈ ಕೋಣೆ ಸೇರಿದ್ದ.

ಅವನ ಅಕ್ಕನ ಗಂಡ ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದ ಕೋಚ್. ತಂಡ ಸಾಲಾಗಿ ಏಳು ಪಂದ್ಯ ಸೋತಾಗ ಆತ ಕೋಣೆಯ ಬಾಗಿಲಿಗೆ ಬಂದು ನಿಂತ.

“ನಮ್ಮ ಹುಡುಗರ ಕಾಲಿಗೆ ತುಕ್ಕು ಹಿಡಿದಿದೆ ಕಣೋ. ನಿನ್ನ ಆಟದ ಹೆಜ್ಜೆ ಸ್ವಲ್ಪ ಕಲಿಸು.”

“ಫುಟ್‌ಬಾಲ್‌ನವರಿಗೆ ನಾನೇನು ಕಲಿಸ್ಲಿ ಭಾವ? ಜನ ನಗ್ತಾರೆ.”

“ಈಗೇನು ಹೂಮಾಲೆ ಹಾಕ್ತಿದಾರಾ?”

ಮರುದಿನ ಬೆಳಿಗ್ಗೆ ಆರಕ್ಕೆ ಹದಿನಾರು ಜನ ಮರದ ನೆಲದ ಮೇಲೆ ರಾಕೆಟ್‌ಗಳನ್ನು ದೊಣ್ಣೆಯಂತೆ ಹಿಡಿದು ನಿಂತರು. ಎದುರಿನವನು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಒಂದು ಪುಟ್ಟ ಜಿಗಿತ. ಆಮೇಲೆ ಯಾವ ಮೂಲೆಗೆ ಓಡುವುದಾದರೂ ಮೊದಲ ಹೆಜ್ಜೆ ಚಿಕ್ಕದು. ಮೂರು ವಾರ ಗಟ್ಟಣ್ಣ ಇಷ್ಟನ್ನೇ ತಿದ್ದಿದ. ಆಮೇಲೆ ರಾಕೆಟ್ ಕಿತ್ತುಕೊಂಡು ಚೆಂಡು ಕೊಟ್ಟ: ನೆಲಕ್ಕೆ ಬೀಳಿಸದೆ, ಕಾಲಲ್ಲೇ ನೆಟ್ ದಾಟಿಸಬೇಕು.

ಡಿಫೆಂಡರ್‌ಗಳಲ್ಲಿ ಒಬ್ಬನಿಗೆ ಕಂಬ ಎಂದೇ ಹೆಸರು. ಆರಡಿ ಆಳು, ಎದುರಾಳಿ ಪಕ್ಕದಲ್ಲಿ ಹಾದುಹೋದ ಮೇಲೆ ತಿರುಗುವವನು. ಹೆಚ್ಚು ಬೈಸಿಕೊಂಡವನೂ ಅವನೇ, ಎಲ್ಲರಿಗಿಂತ ಮೊದಲು ಬಂದು ಬಾಗಿಲು ಬಡಿಯುವವನೂ ಅವನೇ. ಎರಡು ತಿಂಗಳಿಗೆ ಬುಗುರಿಯಂತೆ ತಿರುಗತೊಡಗಿದ. ತಂಡ ಮೂರು ಪಂದ್ಯ ಗೆದ್ದಿತು. ಭಾವ ಎಲ್ಲರೆದುರು ಗಟ್ಟಣ್ಣನ ಬೆನ್ನು ತಟ್ಟಿದ.

ಮೂರನೆಯ ತಿಂಗಳ ಕೊನೆಗೆ, ಮಳೆ ಸುರಿದ ಒಂದು ಬೆಳಿಗ್ಗೆ, ಚಾವಣಿ ಸೋರಿ ಒಂದು ಮೂಲೆ ಒದ್ದೆಯಾಗಿತ್ತು. ಗಟ್ಟಣ್ಣ ಬಟ್ಟೆ ತಂದು ಒರೆಸಿದ. ಆದರೂ ಮನಸ್ಸು ಒಪ್ಪದೆ ಅಲ್ಲೇ ನಿಂತಿದ್ದ ಭಾವನ ಮುಖ ನೋಡಿದ.

“ಭಾನುವಾರ ಮ್ಯಾಚಿದೆ. ನಡೆಸು” ಎಂದ ಆತ.

ಅರ್ಧ ಗಂಟೆಯೊಳಗೆ ಕಂಬ ಅದೇ ಮೂಲೆಗೆ ನುಗ್ಗಿದ. ಪಾದ ಜಾರಿ ಮಂಡಿ ಒಳಕ್ಕೆ ತಿರುಚಿತು. ಅವನು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಪ್ಪಾಗಿ ನೋಡುತ್ತ ಕೂತ.

ಕಾರ್ಖಾನೆಯವರು ವಿಚಾರಣೆ ನಡೆಸಿದರು. “ನೆಲ ನೋಡ್ಕೊಳ್ಳೋದು ಅವನ ಕೆಲಸ. ನನಗೇನು ಗೊತ್ತಾಗತ್ತೆ?” ಎಂದ ಭಾವ, ಮೈದುನನ ಕಡೆ ನೋಡದೆ.

ಗಟ್ಟಣ್ಣ ಬಾಯಿ ತೆರೆದ. ಅಕ್ಕನ ಮುಖ ಕಣ್ಮುಂದೆ ಬಂತು. ಅದೂ ಅಲ್ಲದೆ, ಒರೆಸಿ ಸಾಕು ಎಂದುಕೊಂಡದ್ದು ತಾನೇ ಅಲ್ಲವೇ? “ತಪ್ಪು ನನ್ನದೇ” ಎಂದುಬಿಟ್ಟ.

ಆಪರೇಷನ್ ಆದರೂ ಕಂಬನ ಆಟ ಮುಗಿಯಿತು. ಅವನ ಮನೆಗೆ ಹೋಗುವ ಧೈರ್ಯ ಬರಲು ಗಟ್ಟಣ್ಣನಿಗೆ ಎಂಟು ತಿಂಗಳು ಹಿಡಿಯಿತು. ಅವನನ್ನು ಕಂಡು ಕಂಬ ಕುರ್ಚಿಯ ಕೈ ಊರಿ ಏಳಹೋದ.

“ಏಳ್ಬೇಡ್ವೋ. ಸಿಟ್ಟಿದ್ರೆ ಬೈದ್ಬಿಡು.”

“ಬೈದು ಏನ್ಮಾಡ್ಲಿ ಅಣ್ಣ? ಹುಟ್ಟಿದಾಗಿಂದ ಈ ಕಾಲು ನನ್ನ ಮಾತು ಕೇಳಿದ್ದು ಆ ಮೂರೇ ತಿಂಗಳು. ನೀವು ಕಲಿಸದೇ ಇದ್ದಿದ್ರೆ ಚೆನ್ನಾಗಿತ್ತು. ಏನು ಕಳ್ಕೊಂಡೆ ಅಂತ ಗೊತ್ತೇ ಆಗ್ತಿರ್ಲಿಲ್ಲ.”

ಗಟ್ಟಣ್ಣ, ಮನೆಯವರು ಕೊಟ್ಟ ನೀರು ಕುಡಿದು ಎದ್ದು ಬಂದ.

ಗಟ್ ಬಿಗಿಯುವ ಕೆಲಸ ನಡೆದೇ ಇತ್ತು. ಕಲಿಸಲು ಯಾರು ಕರೆದರೂ ಅವನು ಮತ್ತೆ ಹೋಗಲಿಲ್ಲ. ಅಕ್ಕನ ಮನೆಗೆ ಹೋಗುವುದೂ ಅಪರೂಪವಾಯಿತು. ಹೋದರೆ ಭಾವ ಒಳಕೋಣೆಯಲ್ಲಿ ಟಿವಿಯ ಸದ್ದು ಜೋರು ಮಾಡಿಕೊಳ್ಳುತ್ತಿದ್ದ.