ಚಿತ್ರಶಾಲೆಯ ಅಂಗಳದಲ್ಲಿ ಹತ್ತು ಸಂಜೆ

ಹಾಸನದಿಂದ ಹೊರಟ ದಿನ ನನಗೆ ಮೈಸೂರು ಬೇಕಿರಲಿಲ್ಲ. ಬೇಸಿಗೆ ರಜೆ ಶುರುವಾಗಿ ನಾಲ್ಕೇ ದಿನವಾಗಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಕಣ್ಣು ಉರಿಯುತ್ತಿದ್ದವು. ಮನೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಒಂದು ವಾರ ಮಲಗಬೇಕೆಂದಿದ್ದೆ. ಅಷ್ಟರಲ್ಲಿ ಗೆಳೆಯ ಶ್ರೀಕಂಠಯ್ಯನ ಕಾಗದ ಬಂತು. ಅವನು ಮೈಸೂರಿನ ಒಂದು ಚಿತ್ರಶಾಲೆಯಲ್ಲಿ ಮೇಲ್ವಿಚಾರಕ. ‘ಹತ್ತು ದಿನ ಕಾರ್ಯಕ್ರಮ ಇಟ್ಟಿದ್ದೇವೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಕಲಾವಿದರು ಜನರೆದುರೇ ಚಿತ್ರ ಬರೆಯುತ್ತಾರೆ, ಸಂಜೆ ಅಂಗಳದಲ್ಲಿ ಸಿನಿಮಾ. ಸಿನಿಮಾಗಳೆಲ್ಲ ಇಂಗ್ಲಿಷಿನವು. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳುವುದಕ್ಕೆ ನಿನ್ನ ಗಂಟಲು ಬೇಕು’ ಎಂದು ಬರೆದಿದ್ದ. ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವನು. ಇಲ್ಲವೆನ್ನಲಾಗಲಿಲ್ಲ.

ಎಪ್ಪತ್ತು ಚಿಲ್ಲರೆ ಮೈಲಿಯ ದಾರಿಗೆ ರೈಲು ಐದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಹೊಳೆನರಸೀಪುರದಲ್ಲಿ ಎಂಜಿನ್ ನೀರು ಕುಡಿಯಿತು, ನಾನು ಕಾಫಿ ಕುಡಿದೆ. ಎರಡರ ರುಚಿಯೂ ಹೆಚ್ಚುಕಡಿಮೆ ಒಂದೇ ಇದ್ದಿರಬೇಕು. ಕಿಟಕಿಯಿಂದ ಕಲ್ಲಿದ್ದಲ ಕಿಡಿ ಹಾರಿ ಬಂದು ಅಂಗಿಯ ತೋಳಿನಲ್ಲಿ ಸಣ್ಣ ತೂತು ಮಾಡಿತು. ಸಾಗರಕಟ್ಟೆಯ ಸೇತುವೆಯ ಮೇಲೆ ಮಾತ್ರ ನೀರಿನ ಮೇಲಿಂದ ತಣ್ಣನೆ ಗಾಳಿ ಬೀಸಿತು. ಮೈಸೂರಿನಲ್ಲಿ ಇಳಿದು ಜಟಕಾ ಹತ್ತಿದೆ. ಎಂಟಾಣೆ ಕೇಳಿದವನು ಆರಾಣೆಗೆ ಒಪ್ಪಿ, ಚಾಮರಾಜಪುರಂನಲ್ಲಿದ್ದ ಶ್ರೀಕಂಠಯ್ಯನ ಮನೆಯ ಮುಂದೆ ಇಳಿಸಿದ.

ಮೊದಲ ಐದು ದಿನ ಒಂದರಂತೆ ಒಂದು ಕಳೆದವು. ಬೆಳಿಗ್ಗೆ ಉಪನ್ಯಾಸಕ್ಕೆ ನಿವೃತ್ತ ಅಧಿಕಾರಿಗಳು ಬಂದು ಮುಂದಿನ ಸಾಲಿನಲ್ಲೇ ತೂಕಡಿಸುತ್ತಿದ್ದರು. ಮಧ್ಯಾಹ್ನದ ಸೆಕೆಯಲ್ಲಿ ಕಲಾವಿದರೊಬ್ಬರು ಮಾವಿನ ಬುಟ್ಟಿಯನ್ನು ಬಣ್ಣದಲ್ಲಿ ಬರೆದರು. ಚಿತ್ರ ಮುಗಿಯುವಷ್ಟರಲ್ಲಿ ಬುಟ್ಟಿಯಲ್ಲಿ ಎರಡು ಹಣ್ಣು ಕಡಿಮೆಯಾಗಿದ್ದವು. ಕತ್ತಲು ಬಿದ್ದ ಕೂಡಲೇ ಅಂಗಳದಲ್ಲಿ ಪರದೆ ಕಟ್ಟುತ್ತಿದ್ದರು. ಯೂರೋಪಿನ ಶಿಲ್ಪಗಳ ಮೇಲೊಂದು, ಗುಹೆಯ ಚಿತ್ರಗಳ ಮೇಲೊಂದು ಸಿನಿಮಾ. ಯಂತ್ರದ ಸದ್ದನ್ನು ಮೀರಿ ನಾನು ಕೂಗಿ ಹೇಳಬೇಕಿತ್ತು. ಮೂರನೆಯ ದಿನಕ್ಕೆ ಗಂಟಲು ಕಟ್ಟಿತು. ಶ್ರೀಕಂಠಯ್ಯನ ಹೆಂಡತಿ ಮೆಣಸಿನ ಕಷಾಯ ಮಾಡಿಕೊಟ್ಟರು. ಅದನ್ನು ಕುಡಿದು, ಸಂಜೆ ಮತ್ತೆ ಹೋಗಿ ನಿಲ್ಲುತ್ತಿದ್ದೆ.

ಶಿಲ್ಪ, ಗುಹೆಗಳಿಗೆ ಜನ ಕಡಿಮೆಯಾಗುತ್ತ ಬಂದರು. ಹಾಗಾಗಿ ಶ್ರೀಕಂಠಯ್ಯ ಬೆಂಗಳೂರಿನಿಂದ ಬೇರೆ ಚಿತ್ರ ತರಿಸಿದ. ಆರನೆಯ ಸಂಜೆ ತೋರಿಸಿದ್ದು ಉತ್ತರದ ಕಡೆ ಕಟ್ಟುತ್ತಿದ್ದ ಒಂದು ದೊಡ್ಡ ಅಣೆಕಟ್ಟಿನ ಚಿತ್ರ. ಆ ದಿನ ಅಂಗಳ ತುಂಬಿತ್ತು. ಸುತ್ತಲ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರೂ ಬಂದು ನೆಲದ ಮೇಲೆ ಕೂತಿದ್ದರು. ‘ಈಗ ಕಲ್ಲು ಹೊರುವ ಕೂಲಿಗಳನ್ನು ನೋಡುತ್ತಿದ್ದೀರಿ’ ಎಂದು ನಾನು ಹೇಳುತ್ತಿದ್ದಾಗ ಆ ಗುಂಪಿನಿಂದ ಒಬ್ಬಳು ಎದ್ದು ನಿಂತಳು. ಹಿಂದಿನವರು ‘ಕೂತ್ಕೊಳಮ್ಮ, ಕಾಣಲ್ಲ’ ಎಂದು ಕೂಗಿದರೂ ಕೂರಲಿಲ್ಲ.

ಚಿತ್ರ ಮುಗಿದ ಮೇಲೆ ಅವಳು ನೇರ ನನ್ನ ಹತ್ತಿರ ಬಂದಳು. ಮೂವತ್ತರ ಆಸುಪಾಸಿನವಳು, ಬೋಳು ಹಣೆ, ಬರಿಗೈ.

“ಸಾಮಿ, ಅದ್ನ ಇನ್ನೊಂದ್ಸಲ ತೋರಿಸ್ತೀರಾ?”

“ಯಾಕಮ್ಮ?”

“ಅದ್ರಲ್ಲಿ ನಮ್ಮೋರು ಅವ್ರೆ.”

ಅವಳ ಹೆಸರು ಸಣ್ಣಮ್ಮ, ಮೇಟಗಳ್ಳಿಯವಳು, ಚಾಮರಾಜಪುರಂನ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ಆ ಅಣೆಕಟ್ಟಿಗೆ ಕೂಲಿಗೆಂದು ಮೇಸ್ತ್ರಿಯ ಜತೆ ಹೋಗಿದ್ದ. ಮೊದಲ ಮಳೆಗಾಲದಲ್ಲೇ ಹೊಳೆಯಲ್ಲಿ ಕೊಚ್ಚಿಹೋದನೆಂದು ಜತೆಯಲ್ಲಿದ್ದವನೊಬ್ಬ ಬಂದು ಹೇಳಿದ್ದ. ಅದಾಗಿ ಐದು ವರ್ಷ. ತಿಥಿಯಾಗಿತ್ತು, ಇವಳ ಬಳೆ ತೆಗೆಸಿದ್ದರು.

“ಕಲ್ಲು ಎತ್ಕೊಳೋಕೆ ಮುಂಚೆ ತಲೆ ಮೇಲಿನ ಸಿಂಬೆನ ಎಲ್ಡು ಕೈಯಾಗೂ ತಟ್ತಾರೆ ನೋಡಿ, ಅಂಗೆ ತಟ್ಟೋರು ಅವ್ರೊಬ್ರೆ,” ಎಂದಳು.

ಯಂತ್ರ ನಡೆಸುವ ರಹೀಂ ಸಾಹೇಬರು ಆಗದೆಂದು ತಲೆಯಾಡಿಸಿದರು. “ಜನ ಎದ್ದೋಗ್ತಾ ಅವ್ರೆ ಮೇಷ್ಟ್ರೆ, ಯಂತ್ರನೂ ಕಾದೋಗಿದೆ. ನಾಳೆ ಮಧ್ಯಾಹ್ನದ ರೈಲಿಗೆ ಡಬ್ಬಿ ವಾಪಸ್ ಹೋಗ್ಬೇಕು.” ನನಗೂ ಮೈ ಕಾಯುತ್ತಿತ್ತು, ಹಾಸಿಗೆ ಸೇರಿದರೆ ಸಾಕಾಗಿತ್ತು. ಆದರೆ ಆಕೆ ಅಲ್ಲಿಂದ ಕದಲಲಿಲ್ಲ. ಕೊನೆಗೆ ನಾನೇ, “ಬೆಳಿಗ್ಗೆ ಒಂಬತ್ತಕ್ಕೆ ಬಾಮ್ಮ. ಮನೆಯವರು ಯಾರಾದರೂ ಇದ್ದರೆ ಕರೆದುಕೊಂಡು ಬಾ,” ಎಂದೆ. ಸಾಹೇಬರು ನನ್ನ ಮುಖ ನೋಡಿ, “ಬರ್ಲಿ ಬುಡಿ, ಹೆಂಗಾದ್ರೂ ಮಾಡವ,” ಎಂದರು.

ಬೆಳಿಗ್ಗೆ ಹಜಾರದ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿ ಕತ್ತಲು ಮಾಡಿದೆವು. ಗೋಡೆಯ ಮೇಲಿನ ಎರಡು ದೊಡ್ಡ ಚಿತ್ರಪಟಗಳನ್ನು ಇಳಿಸಿ ಜಾಗ ಬಿಡಿಸಿಕೊಟ್ಟವನು ಶ್ರೀಕಂಠಯ್ಯ. ಸಣ್ಣಮ್ಮ ಅತ್ತೆಯನ್ನು ಕರೆತಂದಿದ್ದಳು. ನಿಂಗಮ್ಮನೆಂಬ ಆ ಮುದುಕಿ ಮೇಟಗಳ್ಳಿಯಿಂದ ನಡೆದೇ ಬಂದಿತ್ತು. ಕಾಲಿಗೆ ಮೊಣಕಾಲಿನವರೆಗೂ ಧೂಳು.

ಕೂಲಿಗಳು ಗೋಡೆಯ ಮೇಲೆ ಕಂಡರು. ಸಾಲಿನಲ್ಲಿ ಮೂರನೆಯವನು ಬಗ್ಗಿ, ಸಿಂಬೆಯನ್ನು ಎರಡು ಕೈಯಲ್ಲೂ ತಟ್ಟಿ, ಕಲ್ಲಿಗೆ ತಲೆಯೊಡ್ಡಿದ. ಮುದುಕಿ ಎದ್ದು ಗೋಡೆಯ ಬಳಿಗೇ ಹೋಯಿತು. “ಚಿಕ್ಕಣ್ಣ! ನಮ್ ಚಿಕ್ಕಣ್ಣ ಕಣೇ!” ಎಂದು ಅವನ ಎದೆಯ ಮೇಲೆ ಕೈಯಿಟ್ಟಿತು. ಅದರ ನೆರಳು ಮಗನನ್ನೇ ಮುಚ್ಚಿಬಿಟ್ಟಿತು.

“ಅತ್ತೆಮ್ಮ, ಈಚಿಗೆ ಬನ್ನಿ, ಕಾಣಾಕಿಲ್ಲ,” ಎಂದು ಸಣ್ಣಮ್ಮ ಕೈಹಿಡಿದು ಎಳೆದಳು.

ಸಾಹೇಬರು ಸುರುಳಿಯನ್ನು ಹಿಂದಕ್ಕೆ ಸುತ್ತಿ ಮೂರು ಸಲ ಅಷ್ಟು ಭಾಗವನ್ನು ಓಡಿಸಿದರು. ಮುಖವನ್ನು ನಿಲ್ಲಿಸಿ ತೋರಿಸಿ ಎಂದು ಕೇಳಿದೆ. ದೀಪದ ಬಿಸಿಗೆ ಫಿಲ್ಮ್ ಸುಟ್ಟುಹೋಗುತ್ತದೆ ಎಂದರು. ಆಮೇಲೆ ಡಬ್ಬಿಯ ಮುಚ್ಚಳದ ಮೇಲಿನ ಚೀಟಿ ಓದಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ, “ಇದು ಮೂರು ವರ್ಷದ ಹಿಂದೆ ತೆಗೆದಿದ್ದು ಮೇಷ್ಟ್ರೆ,” ಎಂದರು.

ಹೇಳುವುದೋ ಬೇಡವೋ ತಿಳಿಯಲಿಲ್ಲ. ಆದರೆ ಅವರಿಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳಿದೆ.

ಮುದುಕಿಗೆ ಅಳುವಿನ ನಡುವೆಯೇ ನಗು ಬಂತು. “ಮೂರು ವರ್ಸ! ಹೊಳೆ ಪಾಲಾದ ಅಂದಿದ್ದು ಐದು ವರ್ಸದ್ ಕೆಳ್ಗೆ. ಅಂಗಾರೆ ಸತ್ತಿಲ್ಲ ಕಣೇ ನನ್ ಮಗ!”

ಸಣ್ಣಮ್ಮ ಗೋಡೆಗೊರಗಿ ಕೂತಳು. ಆಮೇಲೆ, “ಅಂದ್ರೆ ಬದುಕಿದ್ದೂ ಬರ್ನಿಲ್ಲ,” ಎಂದಳು. ಸಾಹೇಬರು ಜಮಖಾನಗಳನ್ನು ಬಿಚ್ಚತೊಡಗಿದರು. ಬಿಸಿಲು ಒಳಗೆ ಬಂತು.

ಉಳಿದ ದಿನಗಳನ್ನು ಹೇಗೆ ಮುಗಿಸಿದೆನೋ ತಿಳಿಯದು. ಗಂಟಲು ಪೂರ್ತಿ ಹೋಯಿತು. ಕೊನೆಯ ಎರಡು ಸಂಜೆ ಶ್ರೀಕಂಠಯ್ಯನೇ ಕನ್ನಡದಲ್ಲಿ ಹೇಳಿದ. ನಾನು ಹಿಂದೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದೆ.

ಹೊರಡುವ ದಿನ ಬೆಳಿಗ್ಗೆ ಸಣ್ಣಮ್ಮ ಬಂದಳು. ಕೈತುಂಬ ಹಸಿರು ಗಾಜಿನ ಬಳೆ ತೊಟ್ಟಿದ್ದಳು. ನಾನು ನೋಡಿದ್ದನ್ನು ನೋಡಿ, “ಯಾರಿಗೋಸ್ಕರಾನೂ ಅಲ್ಲ ಸಾಮಿ. ಐದು ವರ್ಸ ಸುಮ್ಕೆ ಬರಿಗೈಲಿದ್ದೆ,” ಎಂದಳು. ಅಣೆಕಟ್ಟಿನ ಕಚೇರಿಗೆ ಒಂದು ಕಾಗದ ಬರೆದುಕೊಡಬೇಕೆಂದು ಕೇಳಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಯ ಬಾಯಲ್ಲಿ ಕೇಳಿದ್ದನ್ನು ನಾನೇ ಬರೆದುಕೊಂಡೆ.

“ಒಳಗೆ ಏನು ಬರೆಯಲಮ್ಮ?”

“ನಿಮ್ಮವ್ವ ಇನ್ನೂ ಅವ್ರೆ, ಬಂದು ನೋಡ್ಕಂಡ್ ಹೋಗಿ ಅಂತ ಬರೀರಿ.”

“ನಿನ್ನ ವಿಷಯ?”

“ಬ್ಯಾಡಿ. ಬಂದ್ರೆ ಅವ್ರೇ ಕೇಳ್ಲಿ.”

ಕಾಗದವನ್ನು ಸ್ಟೇಷನ್ನಿನ ಅಂಚೆಪೆಟ್ಟಿಗೆಗೆ ಹಾಕಿ ರೈಲು ಹತ್ತಿದೆ. ಹಾಸನದವರೆಗೂ ಕೂತಲ್ಲೇ ನಿದ್ದೆ ಮಾಡಿದೆ.

ಆಷಾಢ ಕಳೆಯುವ ಹೊತ್ತಿಗೆ ಶ್ರೀಕಂಠಯ್ಯನ ಕಾಗದ ಬಂತು. ಚಿಕ್ಕಣ್ಣ ಬಂದಿದ್ದನಂತೆ. ಹೊಳೆಯಲ್ಲಿ ಕೊಚ್ಚಿಹೋದದ್ದು ಅವನ ಪಕ್ಕದಲ್ಲಿದ್ದ ಬೇರೊಬ್ಬ ಕೂಲಿ. ಊರಿನಲ್ಲಿ ತನ್ನ ತಿಥಿಯೇ ಆಗಿದೆ ಎಂದು ಎಷ್ಟೋ ತಿಂಗಳ ಮೇಲೆ ಕೇಳಿದವನು, ಬರಿಗೈಯಲ್ಲಿ ಹೋಗಿ ಯಾವ ಮುಖ ತೋರಿಸಲಿ ಎಂದು ಇಂದು ನಾಳೆ ಎನ್ನುತ್ತ ವರ್ಷಗಳನ್ನೇ ಕಳೆದನಂತೆ. ಮೇಟಗಳ್ಳಿಯ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲೂ ಆಗದೆ, ಇದನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದನಂತೆ. ಸಣ್ಣಮ್ಮ ಅರ್ಧದಲ್ಲೇ ತಡೆದು, ಕಾಲು ತೊಳೆಯಲು ನೀರು ಕೊಟ್ಟು, ತಟ್ಟೆ ಇಟ್ಟು, “ಮೊದ್ಲು ಉಣ್ಣಿ. ನಾನು ಕೇಳೋದು ಬಾಳ ಅದೆ,” ಎಂದಳಂತೆ.